ಸ್ಟರ್ನ್‌ಡ್ರೈವ್ ಬೋಟಿನ ಟ್ರಿಮ್ ಗೇಜ್ ತಪ್ಪು ತೋರಿಸಿದಾಗ: ದೋಷ ಹುಡುಕುವ ಕ್ರಮ

ಬೋಟಿನ ಹಿಂಬದಿಯಲ್ಲಿ ಪ್ರೊಪೆಲ್ಲರ್ ಇರುವ ಡ್ರೈವ್ ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಎಂದು ಚಾಲಕನಿಗೆ ತೋರಿಸುವ ಮುಳ್ಳಿನ ಮೀಟರೇ ಟ್ರಿಮ್ ಗೇಜ್. ಅದು ಕೆಟ್ಟರೂ ಬೋಟಿನ ಎಂಜಿನ್ ಎಂದಿನಂತೆ ಚಾಲೂ ಆಗುತ್ತದೆ, ಗುಂಡಿ ಒತ್ತಿದರೆ ಹಿಂದಿನ ಡ್ರೈವ್ ಏರಿಳಿಯುತ್ತದೆ, ಸ್ಟಿಯರಿಂಗ್ ತಿರುಗುತ್ತದೆ. ಹೀಗಾಗಿ ಹೆಚ್ಚಿನವರು ಈ ಗೇಜನ್ನು ರಿಪೇರಿ ಪಟ್ಟಿಯ ಕಟ್ಟಕಡೆಗೆ ತಳ್ಳುತ್ತಾರೆ. ಇಲ್ಲವೇ ಬೇಸರ ಹತ್ತಿ, ಏನನ್ನೂ ಅಳೆಯದೆ, ಡ್ರೈವಿನ ಸ್ಥಾನವನ್ನು ಗೇಜಿಗೆ ತಿಳಿಸುವ ಸೆಂಡರ್ ಎಂಬ ಬಿಡಿಭಾಗವನ್ನು ಹೊಸದಾಗಿ ತರಿಸಿ ಹಾಕಿಸುತ್ತಾರೆ. ಎರಡೂ ತಪ್ಪು ಎಂಬುದು ನನ್ನ ಅನುಭವ. ಗೇಜಿನ ಮುಳ್ಳು ಸುಳ್ಳು ಹೇಳುತ್ತಿದ್ದರೆ ಡ್ರೈವ್ ಎತ್ತಿದ ಸ್ಥಿತಿಯಲ್ಲಿಯೇ ಎಂಜಿನ್ನಿಗೆ ವೇಗ ಕೊಟ್ಟು ಕೀಲುಗಳನ್ನು ಹಾಳುಮಾಡಿಕೊಳ್ಳುವ ಅಪಾಯವಿದೆ. ಅಳೆಯದೆ ಸೆಂಡರ್ ಬದಲಿಸಿದರೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಕಷ್ಟದ ಕೆಲಸವನ್ನು ಮೊದಲು ಮಾಡಿ, ಕೊನೆಗೆ ಡ್ಯಾಶ್‌ಬೋರ್ಡಿನ ಹಿಂದೆ ಸಡಿಲವಾಗಿದ್ದ ಒಂದು ನಟ್ಟನ್ನು ಬಿಗಿಮಾಡಬೇಕಾಗಬಹುದು. ಒಂದು ಸಾಧಾರಣ ಮಲ್ಟಿಮೀಟರ್, ಎರಡು ಕ್ಲಿಪ್ಪುಗಳಿರುವ ಒಂದು ಗೇಣು ತಂತಿ ಮತ್ತು ಒಂದು ಮಧ್ಯಾಹ್ನದ ಬಿಡುವು ಇದ್ದರೆ, ದೋಷ ಎಲ್ಲಿದೆ ಎಂಬುದನ್ನು ಯಾರು ಬೇಕಾದರೂ ಖಚಿತವಾಗಿ ಕಂಡುಹಿಡಿಯಬಹುದು.

ನಾನು ಬೋಟು ಇಟ್ಟುಕೊಂಡಿರುವುದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾ ನಗರದ ಉತ್ತರಕ್ಕೆ ಚಟಹೂಚಿ ನದಿಗೆ ಕಟ್ಟಿದ ಬ್ಯೂಫರ್ಡ್ ಅಣೆಕಟ್ಟಿನ ಹಿಂದೆ ನಿಂತಿರುವ ಲೇನಿಯರ್ ಜಲಾಶಯದಲ್ಲಿ. ಇಲ್ಲಿನ ಸ್ನೇಹಿತರಲ್ಲಿ ಕೆಲವರು ಇಪ್ಪತ್ತು, ಇಪ್ಪತ್ತೈದು ವರ್ಷ ಹಳೆಯ ಬೋಟುಗಳನ್ನು ಕೊಂಡು, ಬೇಸಿಗೆಯ ವಾರಾಂತ್ಯಗಳಲ್ಲಿ ಮಕ್ಕಳನ್ನು ಕರೆದುಕೊಂಡು ನೀರಿಗೆ ಇಳಿಯುತ್ತಾರೆ. ಹಾಗೆ ಕೊಂಡ ಬೋಟಿನಲ್ಲಿ ಬಹುಶಃ ಮೊದಲು ಕಣ್ಣಿಗೆ ಬೀಳುವ ದೋಷವೇ ಈ ಟ್ರಿಮ್ ಗೇಜಿನದು. ಅವರಿಗೆ ಮತ್ತೆ ಮತ್ತೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಸ್ಟರ್ನ್‌ಡ್ರೈವ್ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮಲ್ಪೆ, ಗಂಗೊಳ್ಳಿಯ ನಾಡದೋಣಿಗಳಲ್ಲಿ ಇಡೀ ಎಂಜಿನ್ ಹಿಂಬದಿಯ ಹಲಗೆಗೆ ತೂಗಿಕೊಂಡಿರುವುದನ್ನು ಕರಾವಳಿಯವರು ದಿನವೂ ನೋಡುತ್ತಾರೆ, ಅದು ಔಟ್‌ಬೋರ್ಡ್. ಸ್ಟರ್ನ್‌ಡ್ರೈವಿನಲ್ಲಿ ಹಾಗಲ್ಲ. ಎಂಜಿನ್ ಬೋಟಿನ ಒಡಲೊಳಗೇ ಕೂತಿರುತ್ತದೆ; ಪ್ರೊಪೆಲ್ಲರ್ ಇರುವ ಡ್ರೈವ್ ಮಾತ್ರ ಟ್ರಾನ್ಸಮ್ ಎಂಬ ಹಿಂಗೋಡೆಯ ಹೊರಗೆ ನೀರಿನಲ್ಲಿರುತ್ತದೆ; ಎರಡನ್ನೂ ಜೋಡಿಸುವ, ಯೂನಿವರ್ಸಲ್ ಜಾಯಿಂಟುಗಳೆಂಬ ಬಾಗುವ ಕೀಲುಗಳಿರುವ ದಂಡವು ಬೆಲ್ಲೋಸ್ ಎಂಬ ಮಡಿಕೆಗಳುಳ್ಳ ರಬ್ಬರ್ ಕೊಳವೆಯ ಒಳಗಿನಿಂದ ಹಾದುಹೋಗುತ್ತದೆ. ವೋಲ್ವೋ ಪೆಂಟಾ ಕಂಪನಿಯ ಆಕ್ವಾಮ್ಯಾಟಿಕ್ 1959ರಲ್ಲಿಯೂ ಮರ್‌ಕ್ರೂಸರ್ 1961ರಲ್ಲಿಯೂ ಮಾರುಕಟ್ಟೆಗೆ ಬಂದವು. ಅಮೆರಿಕದ ಸರೋವರಗಳಲ್ಲಿ ಇಂದಿಗೂ ಹೆಚ್ಚಾಗಿ ಕಾಣುವುದು ಮರ್‌ಕ್ರೂಸರಿನ ಆಲ್ಫಾ ಮತ್ತು ಬ್ರಾವೋ ಮಾದರಿಗಳಾದ್ದರಿಂದ, ಕೆಳಗಿನ ವಿವರಗಳೆಲ್ಲ ಎರಡು ತಂತಿಯ ಹಳೆಯ ಬಗೆಯ ಸೆಂಡರ್ ಇರುವ ಆ ಡ್ರೈವುಗಳಿಗೆ ಸಂಬಂಧಿಸಿದವು. ಉಳಿದ ತಯಾರಕರ ಡ್ರೈವುಗಳಲ್ಲಿಯೂ ಪರೀಕ್ಷೆಯ ತರ್ಕ ಇದೇ. ತಂತಿಯ ಬಣ್ಣ ಮತ್ತು ಓಮ್ ಲೆಕ್ಕ ಮಾತ್ರ ಬೇರೆ.

ಮುಳ್ಳು ಯಾಕೆ ಮುಖ್ಯ

ಡ್ರೈವಿನ ಎರಡು ಬದಿಗಳಲ್ಲಿರುವ ಹೈಡ್ರಾಲಿಕ್ ಸಿಲಿಂಡರುಗಳು ಅದನ್ನು ಒಳಕ್ಕೆಳೆದು ಕೆಳಗಿಳಿಸುತ್ತವೆ ಅಥವಾ ಹೊರಕ್ಕೆ ತಳ್ಳಿ ಮೇಲೆತ್ತುತ್ತವೆ. ಬೋಟು ಹೊರಡುವಾಗ ಡ್ರೈವ್ ಪೂರ್ತಿ ಕೆಳಗಿರಬೇಕು. ಆಗ ಮೂತಿ ತಗ್ಗಿ, ಬೋಟು ಬೇಗನೆ ನೀರಿನ ಮೇಲಕ್ಕೆ ಬಂದು ಜಾರಲು ತೊಡಗುತ್ತದೆ. ಒಮ್ಮೆ ಜಾರಲು ತೊಡಗಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹೊರಕ್ಕೆ ತಳ್ಳಿದರೆ ಮೂತಿ ಹಗುರವಾಗಿ ವೇಗ ಹೆಚ್ಚುತ್ತದೆ. ಅತಿಯಾದರೆ ಮೂತಿ ಮೇಲಕ್ಕೂ ಕೆಳಕ್ಕೂ ತೂಗಾಡತೊಡಗುತ್ತದೆ, ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಎಂಜಿನ್ ಸುಮ್ಮನೆ ಕಿರುಚುತ್ತದೆ. ಇನ್ನೂ ಮೇಲಕ್ಕೆ, ಟ್ರೇಲರಿಗೆ ಹತ್ತಿಸುವಷ್ಟು ಎತ್ತರಕ್ಕೆ ಎತ್ತಿದ ಸ್ಥಿತಿಯಲ್ಲಿ ಎಂಜಿನ್ನಿಗೆ ವೇಗ ಕೊಟ್ಟರೆ ಯೂನಿವರ್ಸಲ್ ಜಾಯಿಂಟುಗಳು ಮಿತಿಮೀರಿದ ಕೋನದಲ್ಲಿ ತಿರುಗಿ ಕಟಕಟ ಸದ್ದು ಮಾಡುತ್ತವೆ. ಅವುಗಳ ಜೊತೆಗೆ ಬೇರಿಂಗ್ ಮತ್ತು ಬೆಲ್ಲೋಸ್ ಕೂಡ ಪೆಟ್ಟು ತಿನ್ನುತ್ತವೆ. ಬೆಲ್ಲೋಸ್ ಹರಿದರೆ ನೀರು ನುಗ್ಗುವುದು ಬೋಟಿನ ಒಡಲಿಗೆ. ಚಾಲಕನ ಆಸನದಿಂದ ಡ್ರೈವ್ ಕಾಣುವುದಿಲ್ಲ, ಅದು ಎಲ್ಲಿದೆ ಎಂದು ತಿಳಿಸುವುದು ಆ ಒಂದು ಮುಳ್ಳು ಮಾತ್ರ.

ಇದನ್ನು ಓದುತ್ತಿರುವಾಗ ನಿಮ್ಮ ಗೇಜ್ ಕೆಟ್ಟಿದ್ದು, ರಿಪೇರಿಗೆ ಇನ್ನೂ ಎರಡು ವಾರ ಬೇಕೆಂದಿದ್ದರೆ, ಅಲ್ಲಿಯವರೆಗೆ ಹೀಗೆ ಮಾಡಿ. ಹೊರಡುವ ಮೊದಲು ಪ್ರತಿ ಬಾರಿಯೂ ಇಳಿಸುವ ಗುಂಡಿಯನ್ನು, ಪಂಪಿನ ಸದ್ದು ಬದಲಾಗುವವರೆಗೆ ಒತ್ತಿ ಹಿಡಿಯಿರಿ. ಸದ್ದು ಗಡುಸಾದರೆ ಡ್ರೈವ್ ಪೂರ್ತಿ ಕೆಳಗೆ ತಲುಪಿದೆ ಎಂದರ್ಥ. ಅಲ್ಲಿಂದ ಮೇಲಕ್ಕೆ ಒಂದೊಂದು ಸೆಕೆಂಡಿನ ಒತ್ತು ಎಣಿಸಿಕೊಂಡು ಹೋಗಿ, ಮುಳ್ಳನ್ನು ನೋಡಲೇಬೇಡಿ. ಕೆಟ್ಟ ಗೇಜಿಗಿಂತ ಎಣಿಕೆ ಎಷ್ಟೋ ನಂಬಿಕಸ್ಥ.

ಒಳಗಿನ ಏರ್ಪಾಡು

ಸೆಂಡರ್ ಎಂಬುದು ನಿಜವಾಗಿ ಒಂದು ಬದಲಾಗುವ ರೆಸಿಸ್ಟರ್, ಅಂದರೆ ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯಂಥದೇ. ಮೂತಿಯ ಕಡೆಗೆ ಮುಖಮಾಡಿ ನಿಂತಾಗ ಬಲಬದಿಗೆ, ಹೊರಗೆ, ಡ್ರೈವನ್ನು ಹಿಡಿದಿರುವ ಗಿಂಬಲ್ ರಿಂಗ್ ಎಂಬ ಬಳೆಯ ಮೇಲೆ ಅದನ್ನು ಎರಡು ಸ್ಕ್ರೂಗಳಿಂದ ಕೂರಿಸಿರುತ್ತಾರೆ. ಡ್ರೈವ್ ಏರಿಳಿದಂತೆ ಕೀಲಿನ ಪಿನ್ನು ತಿರುಗುತ್ತದೆ, ಅದರ ಜೊತೆಗೆ ಸೆಂಡರಿನ ಒಳಗಿನ ತಿರುಗಣೆಯೂ ತಿರುಗುತ್ತದೆ, ರೆಸಿಸ್ಟೆನ್ಸ್ ಬದಲಾಗುತ್ತದೆ. ಸೆಂಡರಿನಿಂದ ಹೊರಟ ಎರಡು ಕಪ್ಪು ತಂತಿಗಳು ಹಿಂಗೋಡೆಯನ್ನು ಹಾದು ಎಂಜಿನ್ ಕೋಣೆಗೆ ಬರುತ್ತವೆ. ಅಲ್ಲಿ ಒಂದು ಬ್ಯಾಟರಿಯ ಋಣ ತುದಿಗೆ, ಅಂದರೆ ಅರ್ತ್‌ಗೆ ಸೇರುತ್ತದೆ. ಇನ್ನೊಂದು, ಬಿಳಿ ಗೆರೆಯಿರುವ ಕಂದು ತಂತಿಯಾಗಿ ಮುಂದುವರಿದು ಗೇಜಿನ ಹಿಂಭಾಗದ ಎಸ್ ಎಂಬ ತುದಿಗೆ ಬಂದು ಸೇರುತ್ತದೆ. ಗೇಜಿಗೆ ಇನ್ನೆರಡು ತುದಿಗಳಿವೆ. ಐ ಎಂಬುದಕ್ಕೆ ಕೀಲಿ ತಿರುಗಿಸಿದಾಗ ನೇರಳೆ ತಂತಿಯಲ್ಲಿ 12 ವೋಲ್ಟ್ ಬರುತ್ತದೆ. ಜಿ ಎಂಬುದಕ್ಕೆ ಕಪ್ಪು ಅರ್ತ್ ತಂತಿ.

ಎಡಬದಿಯಲ್ಲಿಯೂ ನೋಡಲು ಬಹುಮಟ್ಟಿಗೆ ಇಂಥದೇ ಒಂದು ಡಬ್ಬಿ ಇದೆ. ಅದು ಸೆಂಡರ್ ಅಲ್ಲ, ಮಿತಿ ಸ್ವಿಚ್ಚು. ಎಂಜಿನ್ ಓಡುತ್ತಿರುವಾಗ ಡ್ರೈವ್ ಗಿಂಬಲ್ ರಿಂಗಿನ ಬದಿಯ ಆಸರೆಯನ್ನು ದಾಟಿ ಮೇಲೇರದಂತೆ ಪಂಪನ್ನು ನಿಲ್ಲಿಸುವುದು ಅದರ ಕೆಲಸ. ಈ ಎರಡನ್ನು ಒಂದೇ ಎಂದು ತಿಳಿದು ಗೊಂದಲ ಮಾಡಿಕೊಂಡವರನ್ನು ನಾನು ಬಹಳ ಕಂಡಿದ್ದೇನೆ, ಆದ್ದರಿಂದ ಇದೊಂದನ್ನು ಚೆನ್ನಾಗಿ ನೆನಪಿಡಿ: ಮುಳ್ಳು ತಪ್ಪಿದರೆ ಬಲಬದಿ, ಟ್ರಿಮ್ ಗುಂಡಿಗೆ ಡ್ರೈವ್ ಏರದೆ, ಪೂರ್ತಿ ಮೇಲಕ್ಕೆತ್ತುವ ಟ್ರೇಲರ್ ಗುಂಡಿಗೆ ಮಾತ್ರ ಏರುತ್ತಿದ್ದರೆ ಎಡಬದಿ. ಯಾವ ಗುಂಡಿಗೂ ಡ್ರೈವ್ ಅಲುಗದಿದ್ದರೆ ಅದು ಪಂಪಿನ ತೊಂದರೆ. ಪಂಪಿನ ಮೇಲಿರುವ 110 ಆಂಪಿಯರಿನ ಫ್ಯೂಸು ಮತ್ತು ಅದರ ತಂತಿಯಲ್ಲಿರುವ 20 ಆಂಪಿಯರಿನ ಫ್ಯೂಸನ್ನು ಮೊದಲು ನೋಡಬೇಕು. ಅದು ಈ ಲೇಖನದ ವಿಷಯವಲ್ಲ.

ಕೆಲಸಕ್ಕೆ ಕೈ ಹಾಕುವ ಮೊದಲು

ಬೋಟನ್ನು ಟ್ರೇಲರಿನ ಮೇಲೆ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಡಿ. ಪೆಟ್ರೋಲ್ ಎಂಜಿನ್ ಇರುವ ಬೋಟಿನಲ್ಲಿ ಎಂಜಿನ್ ಕೋಣೆಯ ಮುಚ್ಚಳ ತೆರೆದು ಮೂಸಿ ನೋಡಿ, ಬ್ಲೋವರನ್ನು, ಅಂದರೆ ಒಳಗಿನ ಆವಿಯನ್ನು ಹೊರಹಾಕುವ ಫ್ಯಾನನ್ನು, ಕನಿಷ್ಠ 4 ನಿಮಿಷ ಓಡಿಸಿದ ಮೇಲೆಯೇ ಕೀಲಿ ಮುಟ್ಟಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಕೂತಿರುತ್ತದೆ. ನಾವು ಜೋಡಿಸಿ ಬಿಡಿಸುವ ತಂತಿಗಳಿಂದ ಒಂದು ಸಣ್ಣ ಕಿಡಿ ಹಾರಿದರೂ ಸಾಕು. ಇದೇ ಕಾರಣಕ್ಕೆ, ಮುಂದೆ ಹೇಳುವ ಪ್ರತಿಯೊಂದು ಜೋಡಣೆಯನ್ನೂ ಕೀಲಿ ಆರಿಸಿಯೇ ಮಾಡಿ, ಆಮೇಲೆ ಕೀಲಿ ತಿರುಗಿಸಿ ಮುಳ್ಳನ್ನು ನೋಡಿ. ಎಂಜಿನ್ ಚಾಲೂ ಮಾಡುವ ಅಗತ್ಯ ಎಲ್ಲಿಯೂ ಬರುವುದಿಲ್ಲ. ಡ್ರೈವ್ ಏರಿಳಿಯುವಾಗ ಅದರ ಸುತ್ತ ಯಾರೂ ಇರಬಾರದು, ಮಕ್ಕಳಂತೂ ಹತ್ತಿರ ಸುಳಿಯಲೇಬಾರದು. ಎತ್ತಿದ ಡ್ರೈವಿನ ಅಡಿಯಲ್ಲಿ ಕೈ ಹಾಕಬೇಕಾದರೆ ಮೊದಲು ಗಟ್ಟಿಯಾದ ಮರದ ಆಸರೆ ಕೊಡಿ, ಹೈಡ್ರಾಲಿಕ್ ಒತ್ತಡವನ್ನು ನಂಬಬೇಡಿ.

ಗುಂಡಿ ಒತ್ತಲು ಇನ್ನೊಬ್ಬರು ಜೊತೆಗಿದ್ದರೆ ಕೆಲಸ ಅರ್ಧವಾಗುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸ ಮಗಳದು; ಚಾಲಕನ ಆಸನದಲ್ಲಿ ಕೂತು, ಮುಳ್ಳು ಅಲುಗಿದೊಡನೆ ಅವಳು ಕೂಗಿ ಹೇಳುತ್ತಾಳೆ.

ಮೊದಲನೆಯ ಹೆಜ್ಜೆ: ಮುಳ್ಳು ಏನು ಮಾಡುತ್ತಿದೆ ಎಂದು ನೋಡುವುದು

ಕೀಲಿ ಆರಿಸಿದಾಗ ಮುಳ್ಳು ಎಲ್ಲಿದೆ ಎಂಬುದಕ್ಕೆ ಬೆಲೆ ಕೊಡಬೇಡಿ. ಅನೇಕ ಗೇಜುಗಳಲ್ಲಿ ಕರೆಂಟು ಹೋದಾಗ ಮುಳ್ಳು ಇದ್ದಲ್ಲೇ ನಿಲ್ಲುತ್ತದೆ ಅಥವಾ ಮನಬಂದಲ್ಲಿ ತೂಗುತ್ತದೆ. ಕೀಲಿ ತಿರುಗಿಸಿ, ಡ್ರೈವನ್ನು ಪೂರ್ತಿ ಕೆಳಗಿನಿಂದ ಪೂರ್ತಿ ಮೇಲಿನವರೆಗೆ ಒಮ್ಮೆ ನಿಧಾನವಾಗಿ ಏರಿಸಿ ಇಳಿಸಿ. ಮುಳ್ಳು ಒಂದು ತುದಿಗೆ ಅಂಟಿಕೊಂಡು ಅಲುಗದೆ ಇದ್ದರೆ ತಂತಿ ಎಲ್ಲೋ ಕಡಿದಿರಬಹುದು ಅಥವಾ ಅರ್ತ್‌ಗೆ ತಾಗಿರಬಹುದು, ಇಲ್ಲವೇ ಗೇಜೇ ಕೆಟ್ಟಿರಬಹುದು. ನಡುವೆ ಒಂದೆರಡು ಕಡೆ ಮಾತ್ರ ಜಿಗಿದು ಮತ್ತೆ ಸರಿಯಾಗುತ್ತಿದ್ದರೆ ಸೆಂಡರಿನ ಒಳಗಿನ ಹಾದಿ ಸವೆದಿದೆ. ಡ್ರೈವಿನ ಜೊತೆಗೆ ಸರಾಗವಾಗಿ ಚಲಿಸಿದರೂ ಕೆಳಗಿನ ಗುರುತಿಗೆ ಬಂದು ನಿಲ್ಲದಿದ್ದರೆ ಏನೂ ಕೆಟ್ಟಿಲ್ಲ, ಸೆಂಡರನ್ನು ಸ್ವಲ್ಪ ತಿರುಗಿಸಿ ಹೊಂದಿಸಿದರೆ ಸಾಕು.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಮುಳ್ಳು ನಿಂತಿರುವಾಗ ನ್ಯಾವಿಗೇಷನ್ ದೀಪಗಳನ್ನೂ ಗೇಜಿನ ದೀಪಗಳನ್ನೂ ಹಾಕಿ. ದೀಪ ಹಾಕಿದ ಕ್ಷಣಕ್ಕೆ ಟ್ರಿಮ್ ಮುಳ್ಳು, ಜೊತೆಗೆ ಪೆಟ್ರೋಲ್ ಮತ್ತು ಉಷ್ಣತೆಯ ಮುಳ್ಳುಗಳೂ ಪಕ್ಕಕ್ಕೆ ಸರಿದರೆ, ಡ್ಯಾಶ್‌ಬೋರ್ಡಿನ ಅರ್ತ್ ತಂತಿ ಸರಿಯಿಲ್ಲ ಎಂದು ಅಲ್ಲಿಯೇ ತೀರ್ಮಾನಿಸಬಹುದು. ಸಾಮಾನ್ಯವಾಗಿ ಎಲ್ಲ ಗೇಜುಗಳಿಗೂ ಒಂದೇ ಕಪ್ಪು ತಂತಿಯನ್ನು ಒಂದರಿಂದ ಒಂದಕ್ಕೆ ಸರಪಳಿಯಂತೆ ಕೊಟ್ಟಿರುತ್ತಾರೆ. ಮಧ್ಯದಲ್ಲಿ ಒಂದು ಕೊಂಡಿ ಸಡಿಲವಾದರೆ ಮುಂದಿನವೆಲ್ಲ ತಪ್ಪು ಹೇಳುತ್ತವೆ.

ಎರಡನೆಯ ಹೆಜ್ಜೆ: ಗೇಜನ್ನು ಪರೀಕ್ಷಿಸುವುದು

ಸೆಂಡರಿನ ಕಡೆಗೆ ಹೋಗುವ ಮೊದಲು ಇದನ್ನು ಮಾಡಿ. ಡ್ಯಾಶ್‌ಬೋರ್ಡಿನ ಹಿಂದೆ ಒಣ ಜಾಗದಲ್ಲಿ, ಕೈಗೆಟುಕುವಂತೆ ಮಾಡಬಹುದಾದ ಈ ಹತ್ತು ನಿಮಿಷದ ಪರೀಕ್ಷೆ ಇಡೀ ವ್ಯವಸ್ಥೆಯನ್ನು ಎರಡಾಗಿ ಸೀಳಿ, ದೋಷ ಯಾವ ಅರ್ಧದಲ್ಲಿದೆ ಎಂದು ಹೇಳಿಬಿಡುತ್ತದೆ.

ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕೀಲಿ ತಿರುಗಿಸಿ, ಐ ಮತ್ತು ಜಿ ತುದಿಗಳ ನಡುವೆ ಅಳೆಯಿರಿ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿಯಲ್ಲಿ 12 ವೋಲ್ಟಿಗಿಂತ ಸ್ವಲ್ಪ ಹೆಚ್ಚೇ ಕಾಣಬೇಕು. ಕಾಣದಿದ್ದರೆ ಜಿ ತುದಿಯನ್ನು ಬಿಟ್ಟು, ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ ಉದ್ದ ತಂತಿಯಿಂದ ಜೋಡಿಸಿ ಮತ್ತೆ ಅಳೆಯಿರಿ. ಈಗ 12 ವೋಲ್ಟ್ ಬಂದರೆ ಅರ್ತ್ ತಂತಿಯ ದೋಷ. ಈಗಲೂ ಬಾರದಿದ್ದರೆ ನೇರಳೆ ತಂತಿಯ ಅಥವಾ ಫ್ಯೂಸಿನ ದೋಷ. ಅರ್ತ್ ಸ್ವಲ್ಪವೇ ಕೆಟ್ಟಿರುವ ಸಂದರ್ಭವೂ ಉಂಟು. ಅದನ್ನು ಹಿಡಿಯಲು ಬ್ಯಾಟರಿಯ ಋಣ ತುದಿಗೂ ಗೇಜಿನ ಜಿ ತುದಿಗೂ ನಡುವೆ, ದೀಪಗಳೆಲ್ಲ ಉರಿಯುತ್ತಿರುವಾಗ ಅಳೆಯಿರಿ. ಸೊನ್ನೆಯ ಹತ್ತಿರವೇ ಇರಬೇಕು. ಅರ್ಧ ವೋಲ್ಟ್ ಕಂಡರೂ ಆ ತಂತಿಯ ಒಂದೊಂದು ಜೋಡಣೆಯನ್ನೂ ಬಿಚ್ಚಿ ಉಜ್ಜಬೇಕಾಗುತ್ತದೆ.

ಕರೆಂಟು ಮತ್ತು ಅರ್ತ್ ಎರಡೂ ಸರಿಯಿದ್ದರೆ, ಕೀಲಿ ಆರಿಸಿ, ಎಸ್ ತುದಿಯಿಂದ ಕಂದು-ಬಿಳಿ ತಂತಿಯನ್ನು ಬಿಚ್ಚಿ ಪಕ್ಕಕ್ಕಿಡಿ. ಕೀಲಿ ತಿರುಗಿಸಿದರೆ ಮುಳ್ಳು ಒಂದು ಕೊನೆಗೆ ಹೋಗಿ ನಿಲ್ಲಬೇಕು. ಮತ್ತೆ ಕೀಲಿ ಆರಿಸಿ, ಆ ಗೇಣುದ್ದದ ತಂತಿಯಿಂದ ಎಸ್ ಮತ್ತು ಜಿ ತುದಿಗಳನ್ನು ಜೋಡಿಸಿ, ಕೀಲಿ ತಿರುಗಿಸಿ. ಮುಳ್ಳು ಇನ್ನೊಂದು ಕೊನೆಗೆ ಓಡಬೇಕು. ಎರಡು ಕೊನೆಗಳಿಗೂ ಹೋಯಿತೆಂದರೆ ಗೇಜು ಆರೋಗ್ಯವಾಗಿದೆ, ದೋಷ ಹಿಂದಿನ ತಂತಿಯಲ್ಲಿ ಅಥವಾ ಸೆಂಡರಿನಲ್ಲಿದೆ. ಅಲುಗಲೇ ಇಲ್ಲವೆಂದರೆ ಗೇಜು ಕೆಟ್ಟಿದೆ, ಡ್ರೈವಿನ ಬಳಿಗೆ ಹೋಗುವ ಅಗತ್ಯವೇ ಇಲ್ಲ. ಎಸ್ ತುದಿಗೆ ಎಂದಿಗೂ 12 ವೋಲ್ಟಿನ ತಂತಿಯನ್ನು ಮುಟ್ಟಿಸಬೇಡಿ.

ಗೇಜು ಬದಲಿಸಬೇಕಾಗಿ ಬಂದರೆ ಅಂಗಡಿಯಲ್ಲಿ ನೋಟಕ್ಕೆ ಹೊಂದುವುದನ್ನು ಎತ್ತಿಕೊಂಡು ಬರಬಾರದು. ಮರ್‌ಕ್ರೂಸರ್ ಸೆಂಡರಿಗೆ ಹೊಂದುವ ಗೇಜು ಸುಮಾರು 10ರಿಂದ 167 ಓಮ್‌ವರೆಗಿನ ವ್ಯಾಪ್ತಿಗೆ ತಯಾರಾದದ್ದು. ಬೇರೆ ತಯಾರಕರ ಡ್ರೈವಿಗೆ ಮಾಡಿದ ಟ್ರಿಮ್ ಗೇಜಿನ ವ್ಯಾಪ್ತಿ ಬೇರೆಯಿರುತ್ತದೆ, ಅಮೆರಿಕದ ಪೆಟ್ರೋಲ್ ಗೇಜುಗಳದು 240ರಿಂದ 33 ಓಮ್. ವ್ಯಾಪ್ತಿ ಹೊಂದದ ಗೇಜು ಹಾಕಿದರೆ ಮುಳ್ಳು ಚಲಿಸುತ್ತದೆ, ಆದರೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ ಅಥವಾ ತಿರುವು ಮುರುವಾಗಿ ತೋರಿಸುತ್ತದೆ. ಹಳೆಯ ಬೋಟು ಕೊಂಡವರು, ಹಿಂದಿನ ಮಾಲೀಕರು ಇಂಥ ಗೇಜನ್ನು ಹಾಕಿಸಿರಬಹುದೇ ಎಂದು ಅದರ ಬೆನ್ನಿನ ಚೀಟಿಯನ್ನು ಓದಿ ನೋಡುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ಮಧ್ಯದ ತಂತಿ

ಈಗ ಎಂಜಿನ್ ಕೋಣೆಗೆ ಇಳಿಯಿರಿ. ಹಿಂಗೋಡೆಯ ಒಳಭಾಗದಲ್ಲಿ ಸೆಂಡರಿನ ಎರಡು ಕಪ್ಪು ತಂತಿಗಳು ಕಂದು-ಬಿಳಿ ತಂತಿಗೂ ಅರ್ತ್ ತಂತಿಗೂ ಸೇರುವ ಜಾಗವನ್ನು ಹುಡುಕಿ. ಕಪ್ಪು ತಂತಿಗಳು ಅಲ್ಲಿ ಹಲವು ಇರುತ್ತವೆ. ಗೊಂದಲವಾದರೆ ಕಂದು-ಬಿಳಿಯನ್ನು ಹಿಡಿದು ಹಿಂದಕ್ಕೆ ಹೋಗುವುದೇ ಸುಲಭ. ಎರಡೂ ಜೋಡಣೆಗಳನ್ನು ಬಿಡಿಸಿ.

ಸೆಂಡರಿನ ಬದಲಿಗೆ 100 ಓಮಿನ ಒಂದು ಸಾಧಾರಣ ರೆಸಿಸ್ಟರನ್ನು ಕಂದು-ಬಿಳಿ ತಂತಿಗೂ ಅರ್ತ್ ತಂತಿಗೂ ನಡುವೆ ಕ್ಲಿಪ್ ಹಾಕಿ ಜೋಡಿಸಿ, ಕೀಲಿ ತಿರುಗಿಸಿ, ಡ್ಯಾಶ್‌ಬೋರ್ಡಿನಲ್ಲಿ ಏನಾಯಿತೆಂದು ಕೇಳಿ. ಮುಳ್ಳು ಎರಡು ಕೊನೆಗಳನ್ನೂ ಬಿಟ್ಟು ನಡುವೆ ಎಲ್ಲೋ ಬಂದು ಅಲುಗದೆ ನಿಂತರೆ, ಇಲ್ಲಿಂದ ಗೇಜಿನವರೆಗಿನ ತಂತಿ ಪೂರ್ತಿ ಸರಿಯಿದೆ. ನಾನು ತುಂಬಾ ಇಷ್ಟಪಡುವ ಪರೀಕ್ಷೆಯಿದು. ಕೆಲವು ಕಾಸಿನ ಒಂದು ಬಿಡಿಭಾಗ ಅಷ್ಟು ದೊಡ್ಡ ತೀರ್ಮಾನವನ್ನು ಕೊಡುತ್ತದೆ. ಮುಳ್ಳು ಮೊದಲಿನಂತೆಯೇ ಇದ್ದರೆ ದೋಷ ಮಧ್ಯದ ತಂತಿಯಲ್ಲಿದೆ. ಆಗ ಎಂಜಿನ್ನಿನಿಂದ ಮುಂದಕ್ಕೆ ಹೋಗುವ ಹತ್ತು ಪಿನ್ನಿನ ದುಂಡನೆಯ ಪ್ಲಗ್ಗನ್ನು ಬಿಚ್ಚಿ, ಪಿನ್ನುಗಳಲ್ಲಿ ಹಸಿರು ಕಿಲುಬು ಹಿಡಿದಿದೆಯೇ ನೋಡಿ, ಒಣಗಿಸಿ, ಉಜ್ಜಿ, ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಿ ಮತ್ತೆ ಕೂರಿಸಿ.

ನನ್ನ ಬೋಟಿನ ದೋಷ ಸಿಕ್ಕಿದ್ದು ಈ ಹೆಜ್ಜೆಯಲ್ಲಿ. ಸೆಂಡರಿನ ತಂತಿಯನ್ನು ಯಾರೋ ಹಿಂದೊಮ್ಮೆ ಕತ್ತರಿಸಿ, ತಿರುಚಿ ಕೂಡಿಸಿ, ಮೇಲೆ ಮನೆಯ ವೈರಿಂಗಿಗೆ ಬಳಸುವ ಕಪ್ಪು ಟೇಪು ಸುತ್ತಿದ್ದರು. ಹೊರಗಿನಿಂದ ನೋಡಿದರೆ ಯಾವ ತೊಂದರೆಯೂ ಕಾಣುತ್ತಿರಲಿಲ್ಲ. ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸಿದಾಗ ಅಂಟು ಕರಗಿ ಕೈಗೆ ಮೆತ್ತಿಕೊಂಡಿತು. ಮೂರನೆಯ ಸುತ್ತಿನ ಕೆಳಗೆ ತಾಮ್ರದ ಎಳೆಗಳ ಜಾಗದಲ್ಲಿ ಹಸಿರುಗಪ್ಪು ಪುಡಿ ಇತ್ತು, ಎರಡು ಬೆರಳಿನಲ್ಲಿ ಹಿಡಿದೊಡನೆ ಅದು ಉದುರಿಹೋಯಿತು. ತಂತಿಯ ಎರಡು ತುದಿಗಳನ್ನು ಹಿಡಿದಿದ್ದದ್ದು ಟೇಪು ಮಾತ್ರ. ಅದಕ್ಕೂ ಮೊದಲು ಒಂದು ರಿಪೇರಿ ಅಂಗಡಿಯಲ್ಲಿ, ಸೆಂಡರ್ ಬದಲಿಸಲೇಬೇಕೆಂದು ಡ್ರೈವನ್ನು ಕಳಚುವ ಕೂಲಿಯನ್ನೂ ಸೇರಿಸಿ ಅಂದಾಜು ಬರೆದುಕೊಟ್ಟಿದ್ದರು. ಸೆಂಡರ್ ಇಂದಿಗೂ ಹಳೆಯದೇ ಇದೆ, ಮುಳ್ಳು ಸರಿಯಾಗಿ ತೋರಿಸುತ್ತಿದೆ.

ಕಡಿದ ತಂತಿಯನ್ನು ಕೂಡಿಸುವಾಗ ಕಪ್ಪಾದ ತಾಮ್ರವನ್ನೆಲ್ಲ ಕತ್ತರಿಸಿ, ಹೊಳೆಯುವ ಎಳೆ ಸಿಗುವವರೆಗೆ ಹಿಂದಕ್ಕೆ ಹೋಗಿ. ಬೋಟಿಗೆಂದೇ ಸಿಗುವ ತವರ ಲೇಪಿಸಿದ ತಂತಿ, ಒತ್ತಿ ಬಿಗಿಸುವ ಕನೆಕ್ಟರ್, ಅದರ ಮೇಲೆ ಒಳಗೆ ಅಂಟಿರುವ ಹೀಟ್‌ಶ್ರಿಂಕ್ ಕೊಳವೆ, ಇಷ್ಟಿದ್ದರೆ ಆ ಜೋಡಣೆ ವರ್ಷಗಟ್ಟಲೆ ಉಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಸೆಂಡರನ್ನು ಅಳೆಯುವುದು

ಗೇಜೂ ತಂತಿಯೂ ಸರಿಯೆಂದು ಖಚಿತವಾದ ಮೇಲೆ ಮೀಟರನ್ನು ಓಮ್‌ಗೆ ಇಟ್ಟು, ಬಿಡಿಸಿಟ್ಟ ಎರಡು ಕಪ್ಪು ತಂತಿಗಳಿಗೆ ಕ್ಲಿಪ್ ಹಾಕಿ. ಡ್ರೈವ್ ಪೂರ್ತಿ ಕೆಳಗಿರುವಾಗ ಒಂದು ಅಂಕಿ ಬರೆದುಕೊಳ್ಳಿ. ನಂತರ ನಿಧಾನವಾಗಿ ಏರಿಸುತ್ತಾ ಅಂಕಿಯನ್ನು ನೋಡುತ್ತಿರಿ. ಅದು ಮೇಲೆ ಹೇಳಿದ ವ್ಯಾಪ್ತಿಯೊಳಗೆ, ಒಂದೇ ದಿಕ್ಕಿನಲ್ಲಿ, ಎಲ್ಲಿಯೂ ಜಿಗಿಯದೆ ಬದಲಾಗಬೇಕು. ಡಿಜಿಟಲ್ ಮೀಟರು ಕ್ಷಣಮಾತ್ರದ ಕಡಿತವನ್ನು ತೋರಿಸದೆ ಬಿಡಬಹುದು. ಕಡಿಮೆ ಮತ್ತು ಹೆಚ್ಚಿನ ಅಂಕಿಗಳನ್ನು ನೆನಪಿಡುವ ಗುಂಡಿ ಇರುವ ಮೀಟರು, ಇಲ್ಲವೇ ಮುಳ್ಳಿರುವ ಹಳೆಯ ಕಾಲದ ಮೀಟರು ಈ ಕೆಲಸಕ್ಕೆ ಲೇಸು.

ಮೀಟರು ಅನಂತವನ್ನೇ ತೋರಿಸುತ್ತಿದ್ದರೆ ತಂತಿ ಅಥವಾ ಒಳಗಿನ ಹಾದಿ ಕಡಿದಿದೆ. ಸೊನ್ನೆ ಓಮಿನಲ್ಲೇ ನಿಂತಿದ್ದರೆ ಎರಡು ತಂತಿಗಳು ಎಲ್ಲೋ ಒಂದನ್ನೊಂದು ತಾಗಿವೆ. ಸೊನ್ನೆ ಮತ್ತು ಅನಂತ, ಇವೆರಡರಲ್ಲಿ ಒಂದನ್ನಷ್ಟೇ ತೋರಿಸಿ ನಡುವಿನ ಯಾವ ಅಂಕಿಯನ್ನೂ ತೋರಿಸದಿದ್ದರೆ ನೀವು ಎಡಬದಿಯ ಮಿತಿ ಸ್ವಿಚ್ಚನ್ನು ಅಳೆಯುತ್ತಿದ್ದೀರಿ, ಅಥವಾ ಯಾರೋ ಎರಡನ್ನೂ ಅದಲುಬದಲು ಕೂರಿಸಿದ್ದಾರೆ. ಸರಿಯಾದ ಅಂಕಿಯೇ ಕಂಡರೂ ಡ್ರೈವ್ ಏರಿಳಿದಾಗ ಅದು ಬದಲಾಗದಿದ್ದರೆ, ಹೊರಗೆ ಹೋಗಿ ಸೆಂಡರಿನ ಎರಡು ಸ್ಕ್ರೂಗಳನ್ನು ಬಿಚ್ಚಿ, ಅದನ್ನು ಪಿನ್ನಿನಿಂದ ಹಿಂದಕ್ಕೆಳೆದು, ತಿರುಗಣೆಯನ್ನು ಬೆರಳಿನಿಂದ ತಿರುಗಿಸಿ ನೋಡಿ. ಬೆರಳಿಗೆ ಬದಲಾಗಿ ಡ್ರೈವಿಗೆ ಬದಲಾಗದಿದ್ದರೆ ತಿರುಗಣೆ ಪಿನ್ನಿನ ಮೇಲೆ ಕೂರುವ ಭಾಗ ಮುರಿದಿದೆ ಎಂದರ್ಥ.

ಟ್ರೇಲರಿನ ಮೇಲೆ ಸರಿಯಿದ್ದು ನೀರಿಗಿಳಿದ ಮೇಲೆ ತಪ್ಪುವ ಗೇಜು ಹಲವರನ್ನು ದಿಕ್ಕುತಪ್ಪಿಸುತ್ತದೆ. ತಂತಿಯ ಹೊದಿಕೆ ಎಲ್ಲೋ ಉಜ್ಜಿ ಸೀಳಿದ್ದು, ನೀರು ಸೇರಿದಾಗ ಕರೆಂಟು ಅಲ್ಲಿಂದ ಸೋರುತ್ತದೆ. ಉಪ್ಪುನೀರಿನಲ್ಲಿ ಇದು ಇನ್ನೂ ಜೋರು. ಎರಡು ತಂತಿಗಳನ್ನೂ ಬಿಡಿಸಿ, ಒಂದೊಂದಕ್ಕೂ ಡ್ರೈವಿನ ಲೋಹಕ್ಕೂ ನಡುವೆ, ಬೋಟು ನೀರಿನಲ್ಲಿರುವಾಗಲೇ ಅಳೆಯಿರಿ. ಅನಂತವೇ ಇರಬೇಕು, ಯಾವ ಅಂಕಿ ಕಂಡರೂ ಆ ಸೆಂಡರನ್ನು ಬದಲಿಸಬೇಕಾದ ದಿನ ಬಂದಿದೆ.

ಒಂದು ಎಚ್ಚರಿಕೆ. ಹೊಸ ಎಂಜಿನ್ನುಗಳಲ್ಲಿ ಮೂರು ತಂತಿಯ ಡಿಜಿಟಲ್ ಸೆಂಡರ್ ಇದ್ದು, ಅದಕ್ಕೆ ಎಂಜಿನ್ನಿನ ಕಂಪ್ಯೂಟರಿನಿಂದ 5 ವೋಲ್ಟ್ ಬರುತ್ತದೆ. ಅದನ್ನು ಓಮ್ ಮೀಟರಿನಿಂದ ಅಳೆಯುವುದಾಗಲಿ, ಅದರ ತಂತಿಗಳನ್ನು ಅರ್ತ್‌ಗೆ ಮುಟ್ಟಿಸುವುದಾಗಲಿ ಸರ್ವಥಾ ಕೂಡದು. ಮೂರು ತಂತಿ ಕಂಡರೆ ಅಲ್ಲಿಗೆ ನಿಲ್ಲಿಸಿ, ಆ ಎಂಜಿನ್ನಿನ ಸರ್ವಿಸ್ ಕೈಪಿಡಿಯನ್ನು ತೆರೆಯಿರಿ.

ಬದಲಿಸುವುದು ಮತ್ತು ಹೊಂದಿಸುವುದು

ಸೆಂಡರನ್ನು ಬಿಚ್ಚುವುದು ಎರಡು ಸ್ಕ್ರೂಗಳ ಕೆಲಸ. ಕಷ್ಟವಿರುವುದು ತಂತಿಯನ್ನು ಹಿಂಗೋಡೆಯ ಮೂಲಕ ಒಳಗೆ ತರುವುದರಲ್ಲಿ. ಡ್ರೈವನ್ನು ಪೂರ್ತಿ ಎತ್ತಿ, ಆಸರೆ ಕೊಟ್ಟು, ಸ್ಟಿಯರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿದರೆ ತೆಳ್ಳನೆಯ ಕೈಯುಳ್ಳವರು ಡ್ರೈವನ್ನು ಕಳಚದೆಯೇ ಮಾಡಬಹುದು, ಆದರೆ ತಾಳ್ಮೆ ಬೇಕು. ಹಳೆಯ ತಂತಿಯನ್ನು ಎಳೆಯುವ ಮೊದಲು ಅದರ ಒಳತುದಿಗೆ ಗಟ್ಟಿ ದಾರ ಕಟ್ಟಿ. ತಂತಿ ಹೊರಗೆ ಬಂದಾಗ ದಾರ ಅದರ ದಾರಿಯಲ್ಲಿ ಉಳಿಯುತ್ತದೆ, ಹೊಸ ತಂತಿಯನ್ನು ಅದೇ ದಾರದಿಂದ ಒಳಕ್ಕೆಳೆದುಕೊಳ್ಳಬಹುದು. ಈ ಶ್ರಮ ತಪ್ಪಿಸಲು ಕೆಲವರು ಹಳೆಯ ತಂತಿಯನ್ನು ಹೊರಗೇ ಕತ್ತರಿಸಿ ಹೊಸ ಸೆಂಡರಿನ ತಂತಿಗೆ ಕೂಡಿಸುತ್ತಾರೆ. ಸದಾ ನೀರಿನಲ್ಲಿ ಮುಳುಗಿರುವ ಜಾಗದಲ್ಲಿ ಆ ಜೋಡಣೆ ಉಳಿಯುವುದಿಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಬೆಲ್ಲೋಸ್ ಬದಲಿಸಲು ಹೇಗೂ ಡ್ರೈವನ್ನು ಕಳಚುವುದಿದ್ದರೆ, ಹಳೆಯ ಸೆಂಡರ್ ಚೆನ್ನಾಗಿದ್ದರೂ ಆಗಲೇ ಹೊಸದನ್ನು ಹಾಕಿಬಿಡುವುದು ಜಾಣತನ.

ತಂತಿ ಕೂರಿಸಿದ ಮೇಲೆ ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಡ್ರೈವನ್ನು ಪೂರ್ತಿ ಏರಿಸಿ ಇಳಿಸಿ, ಯಾವ ಸ್ಥಿತಿಯಲ್ಲಿಯೂ ತಂತಿ ಬಿಗಿಯಾಗುತ್ತಿಲ್ಲ, ಎಲ್ಲಿಯೂ ಸಿಕ್ಕಿ ಜಜ್ಜುತ್ತಿಲ್ಲ ಎಂದು ಕಣ್ಣಾರೆ ನೋಡಿ.

ಕೊನೆಯದು ಹೊಂದಿಸುವ ಕೆಲಸ. ಡ್ರೈವನ್ನು ಪೂರ್ತಿ ಕೆಳಗಿಳಿಸಿ. ಸೆಂಡರಿನ ಎರಡು ಸ್ಕ್ರೂಗಳನ್ನು, ಡಬ್ಬಿ ತಿರುಗುವಷ್ಟು ಮಾತ್ರ ಸಡಿಲಿಸಿ. ಕೀಲಿ ತಿರುಗಿಸಿ, ಡ್ಯಾಶ್‌ಬೋರ್ಡಿನ ಬಳಿ ಒಬ್ಬರನ್ನು ಕೂರಿಸಿ, ಸೆಂಡರಿನ ಡಬ್ಬಿಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋಗಿ. ಮುಳ್ಳು ಕೆಳಗಿನ ಗುರುತಿನ ಮೇಲೆ ಬಂದು ಕೂತಿತು ಎಂದು ಅವರು ಹೇಳಿದೊಡನೆ ನಿಲ್ಲಿಸಿ, ಸ್ಕ್ರೂಗಳನ್ನು ಬಿಗಿಮಾಡಿ. ಬಿಗಿಮಾಡುವಾಗ ಡಬ್ಬಿ ತುಸು ಜರುಗುವುದುಂಟು, ಆದ್ದರಿಂದ ಮುಳ್ಳನ್ನು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ. ಎಡಬದಿಯ ಮಿತಿ ಸ್ವಿಚ್ಚನ್ನು ಅಂದಾಜಿನ ಮೇಲೆ ತಿರುಗಿಸಬೇಡಿ; ಅದರ ಅಳತೆಯನ್ನು ನಿಮ್ಮ ಡ್ರೈವಿನ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು.

ಇನ್ನು ಡ್ರೈವನ್ನು ಮೇಲಿನವರೆಗೆ ಏರಿಸಿ, ನಡುವೆ ಎರಡು ಮೂರು ಕಡೆ ನಿಲ್ಲಿಸಿ, ಹೊರಗೆ ನಿಂತು ಡ್ರೈವನ್ನೂ ಒಳಗೆ ಮುಳ್ಳನ್ನೂ ಹೋಲಿಸಿ ನೋಡಿ. ಮೊದಲ ಸಲ ನೀರಿಗೆ ಇಳಿದಾಗ, ನಿಮ್ಮ ಬೋಟು ಅತ್ಯಂತ ಹಗುರವಾಗಿ ಓಡುವ ಜಾಗದಲ್ಲಿ ಮುಳ್ಳು ಎಲ್ಲಿದೆ ಎಂದು ಗಮನಿಸಿ, ಗಾಜಿನ ಅಂಚಿನ ಮೇಲೆ ಸಣ್ಣ ಟೇಪಿನ ತುಣುಕು ಅಂಟಿಸಿ ಗುರುತು ಮಾಡಿಕೊಳ್ಳಿ.